ಹುಲ್ಲುನೆಲದ ಕಾಯಕ: ಹಿರಿಯ ಟಾಮ್ ಮಾರಿಸನ ಜೀವನ

ಕೆರೆಯ ನೀರನ್ನು ಊರೆಲ್ಲವೂ ಬಳಸುತ್ತದೆ. ಆದರೆ ಏರಿಯಲ್ಲಿ ಬಿದ್ದ ಬಿಲವನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದ ನೀರುಗಂಟಿಯ ಹೆಸರನ್ನು ಊರು ನೆನೆಯುವುದು ಅಪರೂಪ. ಕಾಯುವ ಕೆಲಸಗಳೆಲ್ಲಕ್ಕೂ ಈ ಲಕ್ಷಣವುಂಟು. ಅವು ಚೆನ್ನಾಗಿ ನಡೆದಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದ ದಿನ ಮಾತ್ರ ಎಲ್ಲರ ಬಾಯಿಗೂ ಬರುತ್ತವೆ. ಹೊಸದನ್ನು ಕಟ್ಟಿದವನಿಗೆ ಕೀರ್ತಿಯುಂಟು, ಕಟ್ಟಿದ್ದನ್ನು ದಿನದಿನವೂ ಉಳಿಸಿಕೊಂಡು ಬಂದವನಿಗೆ ಅದು ದೊರೆಯುವುದು ವಿರಳ. ಹೀಗಿರಲು, ಇಂತಹ ಕೆಲಸದಲ್ಲಿಯೇ ತನ್ನ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಗೃಹಸ್ಥನ ಜೀವನವನ್ನು ಪರಿಶೀಲಿಸುವುದು ಪ್ರಯೋಜನಕರವಾದುದು.

ಆತನ ಹೆಸರು ಟಾಮ್ ಮಾರಿಸ್. ಸ್ಕಾಟ್ಲೆಂಡ್ ದೇಶದ ಪೂರ್ವತೀರದಲ್ಲಿ, ಫೈಫ್ ಎಂಬ ಸೀಮೆಯಲ್ಲಿ, ಸೇಂಟ್ ಆಂಡ್ರೂಸ್ ಎಂಬ ಪುರಾತನವಾದ ಊರಿದೆ. ಅಲ್ಲಿನ ಗಾಲ್ಫ್ ಮೈದಾನವನ್ನು ಅವನು ೧೮೬೪ರಿಂದ ೧೯೦೩ರವರೆಗೆ, ಎಂದರೆ ಸುಮಾರು ೩೯ ವರ್ಷಗಳ ಕಾಲ, ಕಾಯ್ದನು. ಆಟಗಾರನಾಗಿಯೂ ಅವನು ಪ್ರಸಿದ್ಧನೇ. ಆದರೆ ಆಟದ ಗೆಲವು ಕೆಲವು ದಿನಗಳ ಮಾತು, ನೆಲದ ಪಾಲನೆ ಒಂದು ಜೀವಮಾನದ ಮಾತು. ಆದುದರಿಂದ ಇಲ್ಲಿ ಅವನ ಗೆಲವುಗಳನ್ನು ಸಂಕ್ಷೇಪವಾಗಿ ಹೇಳಿ, ಅವನ ಕೆಲಸವನ್ನೂ ಅವನ ಸಂಸಾರವನ್ನೂ ಮುಖ್ಯವಾಗಿ ವಿವೇಚಿಸಲಾಗುವುದು.

ಆಟವೂ ನೆಲವೂ

ಗಾಲ್ಫ್ ಎಂಬುದು ಒಂದು ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ದೂರದಲ್ಲಿರುವ ಕುಳಿಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಸೇರಿಸುವ ಆಟ. ಒಂದು ಕುಳಿ ಮುಗಿದ ಮೇಲೆ ಮತ್ತೊಂದು, ಹೀಗೆ ಹದಿನೆಂಟು ಕುಳಿಗಳನ್ನು ಸುತ್ತಿ ಬರಬೇಕು. ಪ್ರತಿಯೊಂದು ಕುಳಿಯ ಸುತ್ತಲೂ ನುಣುಪಾದ ಹುಲ್ಲುಹಾಸು ಇರುತ್ತದೆ. ಇದಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿ ಚೆಂಡು ಹಾರುವುದಿಲ್ಲ, ಉರುಳುತ್ತದೆ. ಬೆರಳಿನಷ್ಟು ತಗ್ಗಿದ್ದರೂ ಅದರ ದಾರಿ ಕೆಡುತ್ತದೆ. ಈ ಹುಲ್ಲುಹಾಸುಗಳನ್ನೂ, ಅವುಗಳ ನಡುವಣ ವಿಸ್ತಾರವಾದ ನೆಲವನ್ನೂ ನೋಡಿಕೊಳ್ಳುವವನೇ ಮೈದಾನಪಾಲಕ.

ಸೇಂಟ್ ಆಂಡ್ರೂಸಿನ ಮೈದಾನವು ಯಾರೋ ನಕ್ಷೆ ಬರೆದು ಮಾಡಿಸಿದ್ದಲ್ಲ. ಕಡಲಿಗೂ ಉಳುವ ಹೊಲಗಳಿಗೂ ನಡುವೆ ಇರುವ ಮರಳುನೆಲ ಅದು. ಬೇಸಾಯಕ್ಕೆ ಬಾರದ ಆ ನೆಲದಲ್ಲಿ ಕುರಿಗಳು ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು, ಊರಿನ ಹೆಂಗಸರು ಒಗೆದ ಬಟ್ಟೆಗಳನ್ನು ಹುಲ್ಲಿನ ಮೇಲೆ ಹರವುತ್ತಿದ್ದರು. ಆ ನಡುವೆಯೇ ಜನರು ಆಡುತ್ತಿದ್ದರು. ಅಲ್ಲಿ ಆಡುವ ಹಕ್ಕು ಊರವರಿಗೆ ಉಂಟೆಂಬುದಕ್ಕೆ ೧೫೫೨ರ ಶಾಸನಪತ್ರವೇ ಆಧಾರವಾಗಿದೆ. ಮೊದಲು ೨೨ ಕುಳಿಗಳಿದ್ದ ಸುತ್ತು ೧೭೬೪ರಲ್ಲಿ ೧೮ಕ್ಕೆ ಇಳಿಯಿತು. ಇಂದು ಲೋಕದಲ್ಲೆಲ್ಲ ೧೮ ಕುಳಿಗಳ ಸುತ್ತು ರೂಢಿಯಲ್ಲಿರುವುದಕ್ಕೆ ಇದೇ ಮೂಲ. ಈ ಬಗೆಯ ನೆಲದಲ್ಲಿ ಫೆಸ್ಕ್ಯೂ, ಬೆಂಟ್ ಎಂಬ ಸಣ್ಣೆಲೆಯ ಹುಲ್ಲುಗಳು ಸ್ವಭಾವತಃ ಬೆಳೆಯುತ್ತವೆ. ಅವು ಬಡ ನೆಲವನ್ನೂ ಕಡಲಗಾಳಿಯನ್ನೂ ಸಹಿಸುತ್ತವೆ. ಆದರೆ ಎಡೆಬಿಡದ ತುಳಿತವನ್ನು ಸಹಿಸಲಾರವು.

ಜನನವೂ ವೃತ್ತಿಶಿಕ್ಷಣವೂ

ಟಾಮನು ಹುಟ್ಟಿದ್ದು ೧೮೨೧ನೆಯ ಜೂನ್ ೧೬ರಂದು. ತಂದೆ ಜಾನ್ ಮಾರಿಸ್ ಕೈಮಗ್ಗದ ನೇಕಾರ. ಯಂತ್ರದ ಮಗ್ಗಗಳು ಬಂದು ಕೈಮಗ್ಗಗಳ ಸದ್ದು ಅಡಗುತ್ತಿದ್ದ ಕಾಲ ಅದು. ಮಗನು ಮಗ್ಗವನ್ನು ಹಿಡಿಯಲಿಲ್ಲ. ಅವನನ್ನು ಅಲನ್ ರಾಬರ್ಟ್‌ಸನ್ ಎಂಬ ಚೆಂಡು ಮಾಡುವವನ ಬಳಿ ಶಿಷ್ಯನಾಗಿ ಬಿಟ್ಟರು. ರಾಬರ್ಟ್‌ಸನ್ ಆ ಕಾಲದ ಶ್ರೇಷ್ಠ ಆಟಗಾರನೂ ಹೌದು.

ಆಗಿನ ಚೆಂಡು ಮಾಡುವ ಬಗೆ ಶ್ರಮದಾಯಕವಾದುದು. ಚರ್ಮದ ತುಂಡುಗಳನ್ನು ಹೊಲಿದು ಚೀಲದಂತೆ ಮಾಡಿ, ಬೇಯಿಸಿದ ಹಕ್ಕಿಗರಿಗಳನ್ನು ಒಂದು ಟೋಪಿಯ ತುಂಬ ತೆಗೆದುಕೊಂಡು, ಕಬ್ಬಿಣದ ಮೊಳೆಯಂತಹ ಸಾಧನದಿಂದ ಎದೆಯ ಬಲ ಕೊಟ್ಟು ತುರುಕಬೇಕು. ಒಣಗುವಾಗ ಗರಿಗಳು ಹಿಗ್ಗುತ್ತವೆ, ಚರ್ಮವು ಕುಗ್ಗುತ್ತದೆ. ಆಗ ಚೆಂಡು ಕಲ್ಲಿನಂತಾಗುತ್ತದೆ. ನುರಿತ ಕೈಗೂ ದಿನಕ್ಕೆ ಕೆಲವೇ ಚೆಂಡುಗಳು ಸಾಧ್ಯ. ಇಷ್ಟಾಗಿಯೂ ಮಳೆಯಲ್ಲಿ ನೆನೆದರೆ ಹೊಲಿಗೆ ಬಿಚ್ಚಿಹೋಗುತ್ತಿತ್ತು. ಟಾಮನು ಶಿಷ್ಯನಾಗಿಯೂ, ಅನಂತರ ಸಂಬಳದ ಕೆಲಸಗಾರನಾಗಿಯೂ ಅನೇಕ ವರ್ಷ ಈ ಕೆಲಸವನ್ನು ಮಾಡಿದನು. ೧೮೪೪ರಲ್ಲಿ ಆಗ್ನೆಸ್ ಬೇನ್ ಎಂಬಾಕೆಯನ್ನು ಮದುವೆಯಾದನು.

೧೮೪೮ರ ಸುಮಾರಿಗೆ ಹೊಸ ಚೆಂಡು ಬಂದಿತು. ಮಲಯ ದ್ವೀಪಗಳ ಮರದ ಹಾಲಿನಿಂದಾಗುವ ಗಟ್ಟಾಪರ್ಚ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಅದನ್ನು ಉಂಡೆ ಕಟ್ಟುವುದು ಸುಲಭ, ಬೆಲೆಯೂ ಅಗ್ಗ. ಗರಿಯ ಚೆಂಡಿನಿಂದ ಬದುಕುತ್ತಿದ್ದ ರಾಬರ್ಟ್‌ಸನ್ನನಿಗೆ ಇದು ಅನ್ನಕ್ಕೆ ಬಂದ ಕುತ್ತಾಗಿ ತೋರಿತು. ಶಿಷ್ಯನು ಒಂದು ದಿನ ಹೊಸ ಚೆಂಡಿನಿಂದ ಆಡಿದ್ದನ್ನು ಕಂಡು ಅವನು ಕೋಪಗೊಂಡನೆಂದೂ, ಇಬ್ಬರೂ ಬೇರೆಯಾದರೆಂದೂ ಹೇಳುವರು. ನೇಕಾರನ ಮಗನಾದ ಟಾಮನಿಗೆ ಹಳೆಯ ಕಸಬು ಕೈಬಿಟ್ಟು ಹೋಗುವುದೆಂದರೇನೆಂಬುದು ಮನೆಯಲ್ಲಿಯೇ ತಿಳಿದಿದ್ದ ಸಂಗತಿ. ಬರುವುದನ್ನು ತಡೆಯಲಾಗದೆಂದು ಅವನು ಕಂಡುಕೊಂಡನು. ಮುಂದೆ ರಾಬರ್ಟ್‌ಸನ್ನನೂ ಹೊಸ ಚೆಂಡನ್ನೇ ಮಾಡತೊಡಗಿದನು. ಇಬ್ಬರ ನಡುವೆ ಹಗೆಯೇನೂ ಉಳಿಯಲಿಲ್ಲ.

ಪ್ರೆಸ್ಟ್‌ವಿಕ್ಕಿನ ವರ್ಷಗಳು

೧೮೫೧ರಲ್ಲಿ ಟಾಮನಿಗೆ ಪಶ್ಚಿಮತೀರದ ಪ್ರೆಸ್ಟ್‌ವಿಕ್ಕಿನಿಂದ ಕರೆ ಬಂದಿತು. ಕರ್ನಲ್ ಜೇಮ್ಸ್ ಓಗಿಲ್ವಿ ಫೇರ್ಲಿ ಎಂಬ ಗೃಹಸ್ಥನ ಆಶ್ರಯದಲ್ಲಿ ಅವನು ಅಲ್ಲಿ ಹೊಸ ಮೈದಾನವನ್ನು ರಚಿಸಿ ಅದರ ಪಾಲಕನಾದನು. ದೊರೆತದ್ದು ಸಣ್ಣ ನೆಲ, ಏರಿಳಿತಗಳೇ ಹೆಚ್ಚು. ಅದರಲ್ಲಿ ೧೨ ಕುಳಿಗಳನ್ನು ಅವನು ಅಳವಡಿಸಿದನು. ಮುಂದೆ ಹುಟ್ಟಿದ ಒಬ್ಬ ಮಗನಿಗೆ ಆ ಆಶ್ರಯದಾತನ ಪೂರ್ಣ ಹೆಸರನ್ನೇ ಇಟ್ಟನು. ಉಪಕಾರಸ್ಮರಣೆಯನ್ನು ಬಾಯಿಮಾತಿನಲ್ಲಿ ಮುಗಿಸದೆ ಮನೆಯೊಳಗೆ ಪ್ರತಿದಿನವೂ ಕೂಗಿ ಕರೆಯುವಂತೆ ಮಾಡಿಕೊಂಡನೆಂಬುದು ಗಮನಿಸತಕ್ಕ ಅಂಶ.

೧೮೬೦ನೆಯ ಅಕ್ಟೋಬರ್ ೧೭ರಂದು ಈ ಪ್ರೆಸ್ಟ್‌ವಿಕ್ಕಿನಲ್ಲಿಯೇ ‘ಓಪನ್’ ಎಂದು ಪ್ರಸಿದ್ಧವಾದ ಸ್ಪರ್ಧೆ ಮೊದಲು ನಡೆಯಿತು. ಆಡಿದವರು ಎಂಟು ಮಂದಿ. ವಿಲ್ಲಿ ಪಾರ್ಕನು ೧೭೪ ಹೊಡೆತಗಳಲ್ಲಿ ಗೆದ್ದನು. ಟಾಮನು ೧೭೬ ಹೊಡೆತಗಳಿಂದ ಎರಡನೆಯವನಾದನು. ಅನಂತರ ೧೮೬೧, ೧೮೬೨, ೧೮೬೪, ೧೮೬೭ನೆಯ ವರ್ಷಗಳಲ್ಲಿ ಟಾಮನೇ ಗೆದ್ದನು. ಗೆದ್ದವನಿಗೆ ಹಣ ಕೊಡುವ ಪದ್ಧತಿ ೧೮೬೪ರಲ್ಲಿ ಮೊದಲಾಯಿತು. ಆ ವರ್ಷ ಅವನಿಗೆ ಸಂದದ್ದು ಆರು ಪೌಂಡು. ೧೮೬೭ರಲ್ಲಿ ಗೆದ್ದಾಗ ಅವನಿಗೆ ೪೬ ವರ್ಷ. ಆ ಸ್ಪರ್ಧೆಯನ್ನು ಅಷ್ಟು ವಯಸ್ಸಿನಲ್ಲಿ ಗೆದ್ದವರು ಇಂದಿಗೂ ಮತ್ತೊಬ್ಬರಿಲ್ಲ. ಆದರೂ ಕುಳಿಯ ಸಮೀಪದ ಸಣ್ಣ ಹೊಡೆತಗಳಲ್ಲಿ ಅವನ ಕೈ ತಪ್ಪುತ್ತಿದ್ದುದುಂಟು. ‘ಸಣ್ಣ ಹೊಡೆತ ತಪ್ಪಿಸುವವನಿಗೆ, ಪ್ರೆಸ್ಟ್‌ವಿಕ್’ ಎಂಬರ್ಥದ ವಿಳಾಸವನ್ನು ಯಾರೋ ವಿನೋದಕ್ಕಾಗಿ ಬರೆದು ಹಾಕಿದ ಕಾಗದವನ್ನು ಅಂಚೆಯವನು ನೇರವಾಗಿ ಅವನಿಗೇ ತಂದು ಕೊಟ್ಟನೆಂಬ ಕಥೆಯಿದೆ. ಅದನ್ನು ಹೇಳಿಕೊಂಡು ನಗುವವರಲ್ಲಿ ಅವನೂ ಒಬ್ಬನಾಗಿದ್ದನಂತೆ.

ಸೇಂಟ್ ಆಂಡ್ರೂಸಿನಲ್ಲಿ ಕೆಲಸ

ರಾಬರ್ಟ್‌ಸನ್ನನು ೧೮೫೯ರಲ್ಲಿ ತೀರಿಕೊಂಡ ಮೇಲೆ ಸೇಂಟ್ ಆಂಡ್ರೂಸಿನ ನೆಲ ಸರಿಯಾದ ಪಾಲನೆಯಿಲ್ಲದೆ ಕೆಟ್ಟಿತ್ತು. ಅಲ್ಲಿನ ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬು ೧೮೬೪ರಲ್ಲಿ ಟಾಮನನ್ನು ಹುಟ್ಟೂರಿಗೆ ಕರೆಸಿಕೊಂಡಿತು. ವರ್ಷಕ್ಕೆ ೫೦ ಪೌಂಡು ಸಂಬಳ, ಮೈದಾನದ ಖರ್ಚಿಗೆ ೨೦ ಪೌಂಡು. ಭಾರವಾದ ಕೆಲಸಕ್ಕೆ ವಾರದಲ್ಲಿ ಎರಡು ದಿನ ಒಬ್ಬ ಆಳು. ಅಧಿಕಾರವನ್ನು ವಹಿಸಿಕೊಟ್ಟ ಗುರುತಾಗಿ ಅವನ ಕೈಗೆ ಬಂದವು ಮೂರು ವಸ್ತುಗಳು: ಒಂಟಿಗಾಲಿಯ ಒಂದು ಕೈಗಾಡಿ, ಅಗೆಯುವ ಒಂದು ಸಲಿಕೆ, ಮಣ್ಣು ತುಂಬುವ ಮತ್ತೊಂದು ಸಲಿಕೆ. ಆ ಹೊತ್ತಿಗೆ ಅವನು ಮೂರು ಸಲ ಓಪನ್ ಗೆದ್ದವನು. ಆ ಸಲಿಕೆಗಳನ್ನು ಹಿಡಿಯುವುದು ತನಗೆ ಕುಂದೆಂದು ಅವನು ಭಾವಿಸಲಿಲ್ಲ. ಕೆಲಸದ ದೊಡ್ಡತನ ಸಣ್ಣತನಗಳನ್ನು ಹೊರಗಿನವರ ಕಣ್ಣಿನಿಂದ ಅಳೆಯದಿರುವುದು ಕಾಯಕದ ಮೊದಲನೆಯ ಲಕ್ಷಣ. ಅದು ಈ ಮನುಷ್ಯನಲ್ಲಿ ಕಾಣುತ್ತದೆ.

ಅವನು ಮಾಡಿದ್ದೇನು? ಆಡುವ ದಾರಿಯನ್ನು ಇಕ್ಕಟ್ಟುಗೊಳಿಸಿದ್ದ ಮುಳ್ಳುಪೊದೆಗಳನ್ನು ಕಡಿಸಿ ಅಗಲ ಮಾಡಿದನು. ಗ್ರೀನುಗಳನ್ನು ವಿಸ್ತರಿಸಿದನು, ಮೊದಲನೆಯ ಕುಳಿಗೆ ಪ್ರತ್ಯೇಕ ಗ್ರೀನನ್ನೂ, ಕೊನೆಯದಕ್ಕೆ ಹೊಸ ಗ್ರೀನನ್ನೂ ಕಟ್ಟಿದನು. ಮೊದಲು ಆಟಗಾರರು ಒಂದು ಕುಳಿ ಮುಗಿದೊಡನೆ ಅದರ ಪಕ್ಕದಲ್ಲಿಯೇ ನಿಂತು ಮುಂದಿನ ಹೊಡೆತವನ್ನು ಹೊಡೆಯುತ್ತಿದ್ದರು. ಚೆಂಡನ್ನು ಎತ್ತರಿಸಿ ಇಡಲು ಕುಳಿಯೊಳಗಿನ ಮರಳನ್ನೇ ಗೋರುತ್ತಿದ್ದರು. ಹೀಗಾಗಿ ಕುಳಿಯ ಬಾಯಿ ಒಡೆದು, ಸುತ್ತಣ ಹುಲ್ಲು ಸವೆದುಹೋಗುತ್ತಿತ್ತು. ಹೊಡೆಯುವ ಸ್ಥಳವನ್ನು ಕುಳಿಯಿಂದ ದೂರ ಬೇರೆಯಾಗಿ ಮಾಡಿದ್ದು, ಕುಳಿಯ ಅಂಚು ಕುಸಿಯದಂತೆ ಒಳಗೆ ಲೋಹದ ಬಳೆ ಇಟ್ಟದ್ದು, ತಳ್ಳುವ ಯಂತ್ರದಿಂದ ಹುಲ್ಲನ್ನು ಸಮನಾಗಿ ಕತ್ತರಿಸಿದ್ದು ಇವೆಲ್ಲ ಅವನ ಕಾಲದಲ್ಲಿ ನೆಲೆಗೊಂಡ ಸುಧಾರಣೆಗಳು. ಒಂದೊಂದೂ ಸಣ್ಣ ಕೆಲಸವೇ. ಆದರೆ ಪ್ರತಿಯೊಂದರ ಹಿಂದೆಯೂ, ನೆಲಕ್ಕೆ ಎಲ್ಲಿ ನೋಯುತ್ತಿದೆಯೆಂದು ಕಂಡುಕೊಂಡ ಕಣ್ಣಿದೆ.

ಇವುಗಳಲ್ಲಿ ಎರಡು ಸಂಗತಿಗಳು ವಿಶೇಷ ವಿಚಾರಕ್ಕೆ ಯೋಗ್ಯವಾಗಿವೆ. ಮೊದಲನೆಯದು ಮರಳು. ಪ್ರೆಸ್ಟ್‌ವಿಕ್ಕಿನಲ್ಲಿ ಒಮ್ಮೆ ಕೈಗಾಡಿ ಮಗುಚಿ ಮರಳು ಗ್ರೀನಿನ ಮೇಲೆ ಚೆಲ್ಲಿತೆಂದೂ, ಕೆಲವು ಕಾಲದ ಮೇಲೆ ಅಲ್ಲಿನ ಹುಲ್ಲೇ ಉಳಿದ ಕಡೆಗಿಂತ ಚೆನ್ನಾಗಿ ಚಿಗುರಿತೆಂದೂ, ಅದರಿಂದ ಅವನು ಪಾಠ ಕಲಿತನೆಂದೂ ಹೇಳುವರು. ಕಥೆ ಹೇಗೇ ಇರಲಿ, ಕ್ರಮವು ಸತ್ಯವಾದುದು. ತುಳಿತದಿಂದ ನೆಲದಲ್ಲಿ ಸಣ್ಣ ತಗ್ಗುಗಳಾಗುತ್ತವೆ; ಸತ್ತ ದಂಟುಗಳು ಹೆಣೆದುಕೊಂಡು ಬುಡದಲ್ಲಿ ಒಂದು ಚಾಪೆಯಂತಾಗಿ ನೀರು ಇಳಿಯದಂತೆ ತಡೆಯುತ್ತವೆ. ಮೇಲೆ ತೆಳುವಾಗಿ ಮರಳನ್ನು ಹರಡಿ ತೀಡಿದರೆ ತಗ್ಗು ತುಂಬುತ್ತದೆ, ಆ ಚಾಪೆ ಸಡಿಲವಾಗುತ್ತದೆ, ನೀರಿಗೂ ಗಾಳಿಗೂ ದಾರಿಯಾಗುತ್ತದೆ, ಹುಲ್ಲು ಮರಳಿನ ಮೂಲಕ ಹೊಸ ಚಿಗುರನ್ನು ಕಳುಹಿಸುತ್ತದೆ. ಒಮ್ಮೆಗೇ ಹೆಚ್ಚು ಹಾಕಿದರೆ ಹುಲ್ಲು ಉಸಿರು ಕಟ್ಟಿ ಸಾಯುತ್ತದೆ. ಆದುದರಿಂದ ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ ಹಾಕಬೇಕು. ಡೇವಿಡ್ ಹನಿಮನ್ ಎಂಬವನು ಟಾಮನ ಸಹಾಯಕನಾಗಿದ್ದನು. ಇನ್ನಷ್ಟು ಮರಳು ಹಾಕೆಂದು ಟಾಮನು ಅವನಿಗೆ ಕೂಗಿ ಹೇಳುತ್ತಿದ್ದ ಮಾತು ಆ ಊರಿನಲ್ಲಿ ಗಾದೆಯಂತಾಯಿತು. ಲೋಕದ ಗಾಲ್ಫ್ ಮೈದಾನಗಳಲ್ಲಿ ಇಂದಿಗೂ ಇದೇ ಕ್ರಮ ನಡೆಯುತ್ತಿದೆ.

ಎರಡನೆಯದು ವಿಶ್ರಾಂತಿ. ಭಾನುವಾರ ಸೇಂಟ್ ಆಂಡ್ರೂಸಿನ ಹಳೆಯ ಮೈದಾನದಲ್ಲಿ ಆಟವಿಲ್ಲ. ಟಾಮನು ತನ್ನ ಕ್ರೈಸ್ತ ಸಂಪ್ರದಾಯದಂತೆ ಆ ದಿನವನ್ನು ಪವಿತ್ರವೆಂದು ಆಚರಿಸುತ್ತಿದ್ದವನು, ತನ್ನ ಚರ್ಚಿನಲ್ಲಿ ಹಿರಿಯನ ಸ್ಥಾನದಲ್ಲಿದ್ದವನು. ಆದರೆ ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಪ್ರಚಲಿತವಾಗಿದೆ. ಆ ಮಾತಿನಲ್ಲಿ ಆಚಾರವೂ ಅನುಭವವೂ ಕೂಡಿವೆ. ಆರು ದಿನ ತುಳಿಸಿಕೊಂಡ ಹುಲ್ಲು ಏಳನೆಯ ದಿನ ತಲೆಯೆತ್ತುತ್ತದೆ. ತುಳಿತ ಒಂದೇ ಕಡೆ ಬೀಳದಿರಲೆಂದು ಹಿಂದೆ ಆ ಮೈದಾನವನ್ನು ಒಂದು ವಾರ ಒಂದು ದಿಕ್ಕಿನಿಂದ, ಮತ್ತೊಂದು ವಾರ ಎದುರು ದಿಕ್ಕಿನಿಂದ ಸುತ್ತುವ ಪದ್ಧತಿಯೂ ಇತ್ತು. ಕೆಲವು ದೊಡ್ಡ ಸ್ಪರ್ಧೆಗಳ ದಿನಗಳನ್ನು ಬಿಟ್ಟರೆ ಭಾನುವಾರದ ನಿಯಮ ಇಂದಿಗೂ ಉಳಿದಿದೆ. ಆ ದಿನ ಊರವರು ಮಕ್ಕಳೊಡನೆ ಅಲ್ಲಿ ಅಡ್ಡಾಡುತ್ತಾರೆ.

ಗೃಹಸ್ಥನಾಗಿ

೧೮೬೬ರಲ್ಲಿ ಟಾಮನು ಕೊನೆಯ ಗ್ರೀನಿನ ಎದುರಿಗೇ ಒಂದು ಮನೆಯನ್ನು ಕೊಂಡು, ಅಲ್ಲಿ ಚೆಂಡು ಮತ್ತು ಕೋಲುಗಳ ಅಂಗಡಿಯನ್ನು ಇಟ್ಟನು. ಕಿಟಕಿಯಿಂದ ನೋಡಿದರೆ ತಾನು ಕಟ್ಟಿದ ನೆಲವೇ ಕಾಣುವಂತಿತ್ತು. ಚಳಿಗಾಲದಲ್ಲಿಯೂ ಬೆಳಗ್ಗೆ ಕಡಲಿನಲ್ಲಿ ಮುಳುಗಿ ಎದ್ದು ಬರುವುದು ಅವನ ನಿತ್ಯದ ಅಭ್ಯಾಸ.

ಅವನ ಮೊದಲನೆಯ ಮಗ ಟಾಮಸ್ ೧೮೪೬ರಲ್ಲಿ ಹುಟ್ಟಿ ೧೮೫೦ರಲ್ಲಿ, ನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು. ೧೮೫೧ರಲ್ಲಿ ಹುಟ್ಟಿದ ಮಗನಿಗೆ ತಂದೆತಾಯಿಗಳು ಅದೇ ಹೆಸರನ್ನು ಇಟ್ಟರು. ಅವನೇ ಟಾಮಿ. ಅನಂತರ ಎಲಿಜಬೆತ್, ಜೇಮ್ಸ್, ಜಾನ್ ಎಂಬ ಮಕ್ಕಳು ಹುಟ್ಟಿದರು. ಶ್ರೀಮಂತರ ಆಟಕ್ಕೆ ಕೋಲು ಹೊರುವವರ ಮಕ್ಕಳು ಕೋಲು ಹೊರುವುದೇ ರೂಢಿಯಾಗಿದ್ದ ಕಾಲದಲ್ಲಿ, ಟಾಮನು ಟಾಮಿಯನ್ನು ಉಳ್ಳವರ ಮಕ್ಕಳು ಓದುತ್ತಿದ್ದ ಏರ್ ಅಕಾಡೆಮಿಗೆ ಕಳುಹಿಸಿದನು.

ಕಿರಿಯವನಾದ ಜಾನನಿಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ಚಕ್ರಗಳಿದ್ದ ಒಂದು ಹಲಗೆಯ ಮೇಲೆ ಕುಳಿತು ಕೈಗಳಿಂದ ತಳ್ಳಿಕೊಂಡು ಅವನು ಓಡಾಡುತ್ತಿದ್ದನು. ಅಣ್ಣಂದಿರು ಊರೂರಿಗೆ ಹೋಗಿ ಆಡಿ ಹೆಸರು ಗಳಿಸುತ್ತಿದ್ದಾಗ, ಆ ಆಟ ಇವನಿಗೆ ನೋಡುವುದಕ್ಕೆ ಮಾತ್ರ. ತಂದೆಯು ಅವನನ್ನು ಮೂಲೆಯಲ್ಲಿ ಕೂರಿಸಿ ಮರುಕ ತೋರಲಿಲ್ಲ. ಅಂಗಡಿಯ ಕೆಲಸದಲ್ಲಿ ತೊಡಗಿಸಿದನು. ಜಾನನು ಅಲ್ಲಿ ಕೋಲುಗಳನ್ನು ಸಿದ್ಧಪಡಿಸುವ ಕುಶಲಿಯಾದನು. ಮರುಕವು ಅನ್ನವನ್ನು ಕೊಡಬಲ್ಲುದು. ಕೆಲಸವು ಅನ್ನದೊಡನೆ ಮನೆಯಲ್ಲೊಂದು ಸ್ಥಾನವನ್ನೂ ಕೊಡುತ್ತದೆ. ಈ ಸೂಕ್ಷ್ಮವನ್ನು ಟಾಮನು ಅರಿತಿದ್ದನೆಂಬುದಕ್ಕೆ ಆ ಮಗನ ಬಾಳೇ ಸಾಕ್ಷಿ.

ಟಾಮಿ ತಂದೆಯನ್ನು ಮೀರಿದನು. ೧೮೬೮ರಲ್ಲಿ, ೧೭ನೆಯ ವಯಸ್ಸಿನಲ್ಲಿ, ಅವನು ಓಪನ್ ಗೆದ್ದನು; ಎರಡನೆಯವನಾಗಿ ನಿಂತವನು ತಂದೆಯೇ. ೧೮೬೯, ೧೮೭೦ರಲ್ಲಿಯೂ ಅವನೇ ಗೆದ್ದುದರಿಂದ ಬಹುಮಾನದ ಪಟ್ಟಿ ಅವನ ಸ್ವಂತವಾಯಿತು. ೧೮೭೧ರಲ್ಲಿ ಸ್ಪರ್ಧೆಯೇ ನಡೆಯಲಿಲ್ಲ. ೧೮೭೨ರಲ್ಲಿ ಮತ್ತೆ ಅವನೇ ಗೆದ್ದನು. ಮಗನಿಂದ ಸೋಲುವುದನ್ನು ತಂದೆಯು ಬಯಸಬೇಕೆಂಬುದು ನಮ್ಮ ದೇಶದ ಹಿರಿಯರ ಮಾತು. ಆ ಸೋಲಿನ ಸುಖವನ್ನು ಟಾಮನು ನಾಲ್ಕು ಸಲ ಉಂಡನು.

೧೮೭೫ನೆಯ ವರ್ಷ

ಟಾಮಿಯು ೧೮೭೪ರ ನವೆಂಬರಿನಲ್ಲಿ ಮಾರ್ಗರೆಟ್ ಡ್ರಿನೆನ್ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಸೆಪ್ಟೆಂಬರಿನಲ್ಲಿ ಆಕೆ ತುಂಬು ಗರ್ಭಿಣಿ. ತಂದೆ ಮಕ್ಕಳಿಬ್ಬರೂ ಫೋರ್ತ್ ಕೊಲ್ಲಿಯ ಆಚೆಯ ದಡದ ನಾರ್ತ್ ಬೆರಿಕ್ಕಿನಲ್ಲಿ, ವಿಲ್ಲಿ ಪಾರ್ಕ್ ಮತ್ತು ಅವನ ತಮ್ಮ ಮಂಗೋ ಪಾರ್ಕರ ಎದುರಿಗೆ ಆಡಲು ಹೋಗಿದ್ದರು. ಆಟದ ಕೊನೆಯ ಹೊತ್ತಿಗೆ ತಂತಿ ಬಂದಿತು: ಪ್ರಸವ ಕಷ್ಟವಾಗಿದೆ, ಕೂಡಲೆ ಬರಬೇಕು. ರೈಲಿನಲ್ಲಿ ಸುತ್ತಿ ಹೋಗುವುದು ತಡವಾಗುವುದೆಂದು ಒಬ್ಬ ಗೃಹಸ್ಥನು ತನ್ನ ಹಾಯಿದೋಣಿಯನ್ನು ಕೊಟ್ಟನು. ತಂದೆಯೂ ಮಗನೂ ಅದರಲ್ಲಿ ಕೊಲ್ಲಿಯನ್ನು ದಾಟಿದರು. ಮನೆಯನ್ನು ಸೇರುವ ಮೊದಲೇ ಮಾರ್ಗರೆಟ್ಟಳೂ ಹುಟ್ಟಿದ ಶಿಶುವೂ ತೀರಿಹೋಗಿದ್ದರು.

ಅನಂತರ ಟಾಮಿಗೆ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ. ಆದರೂ ಆ ಚಳಿಗಾಲದಲ್ಲಿ ಆರ್ಥರ್ ಮೋಲ್ಸ್‌ವರ್ತ್ ಎಂಬವನೊಡನೆ ಒಪ್ಪಿಕೊಂಡ ದೀರ್ಘ ಪಂದ್ಯವನ್ನು ಹಿಮ ಬೀಳುತ್ತಿದ್ದ ಮೈದಾನದಲ್ಲಿ ಹಲವು ದಿನ ಆಡಿ ಮುಗಿಸಿದನು. ೧೮೭೫ನೆಯ ಡಿಸೆಂಬರ್ ೨೫, ಕ್ರಿಸ್ತಜಯಂತಿಯ ದಿನ ಬೆಳಗ್ಗೆ, ತಂದೆಯ ಮನೆಯಲ್ಲಿ ಮಲಗಿದ್ದ ಹಾಸಿಗೆಯಲ್ಲಿಯೇ ಅವನು ನಿಶ್ಚೇತನನಾಗಿದ್ದನು. ಅವನಿಗೆ ೨೪ ವರ್ಷ. ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿತ್ತೆಂಬುದು ವೈದ್ಯರ ನಿರ್ಣಯ. ಎದೆಯೊಡೆದು ಸತ್ತನೆಂಬುದು ಊರಿನ ಮಾತು. ಎದೆ ಒಡೆದು ಸಾಯುವುದು ಸಾಧ್ಯವಿದ್ದರೆ ತಾನೂ ಇಲ್ಲಿ ಇರುತ್ತಿರಲಿಲ್ಲವೆಂದು ಟಾಮನು ಹೇಳಿದನೆಂದು ಪ್ರತೀತಿ. ಆ ಮಾತನ್ನು ಆಡಿದವನು ಅದಾದ ಮೇಲೆ ೩೨ ವರ್ಷ ಬದುಕಿದನು.

೧೮೭೬ರಲ್ಲಿ ಪತ್ನಿ ಆಗ್ನೆಸ್ ತೀರಿಕೊಂಡಳು. ೧೮೯೩ರಲ್ಲಿ ಜಾನ್, ೧೮೯೮ರಲ್ಲಿ ಎಲಿಜಬೆತ್, ೧೯೦೬ರಲ್ಲಿ ಜೇಮ್ಸ್. ಹೆತ್ತ ಮಕ್ಕಳೆಲ್ಲರನ್ನೂ ಮಣ್ಣಿಗೆ ಒಪ್ಪಿಸುವ ದುಃಖ ಅವನ ಪಾಲಿಗೆ ಬಂದಿತು. ಮುಪ್ಪಿನಲ್ಲಿ ಉಳಿದವರು ಮೊಮ್ಮಕ್ಕಳು.

ದುಃಖವೂ ದಿನಚರಿಯೂ

ಇಲ್ಲಿ ವಾಚಕರು ಒಂದು ವಿಷಯವನ್ನು ಎಚ್ಚರದಿಂದ ಗ್ರಹಿಸಬೇಕು. ಕೆಲಸವು ದುಃಖವನ್ನು ಮರೆಸುತ್ತದೆಂದು ಲೋಕದಲ್ಲಿ ಹೇಳುವುದುಂಟು. ಟಾಮನ ವಿಷಯದಲ್ಲಿ ಹಾಗೆ ಹೇಳುವುದು ಸಲ್ಲದು. ೧೮೭೮ರಲ್ಲಿ, ಅರವತ್ತು ಗಾಲ್ಫ್ ಸಂಘಗಳ ಚಂದಾಹಣದಿಂದ, ಊರಿನ ಪಾಳುಬಿದ್ದ ಕತೀಡ್ರಲ್ಲಿನ ಶ್ಮಶಾನದಲ್ಲಿ ಟಾಮಿಯ ಶಿಲಾಪ್ರತಿಮೆ ಸ್ಥಾಪಿತವಾಯಿತು. ಅದು ಮೈದಾನದಿಂದ ನಡೆದು ಹೋಗುವಷ್ಟೇ ದೂರ. ಒಂದು ಕಡೆ ಮಗನು ಗೆದ್ದು ನಡೆದ ನೆಲ, ಮತ್ತೊಂದು ಕಡೆ ಮಗನು ಮಲಗಿದ ನೆಲ. ಇವೆರಡರ ನಡುವೆ ಅವನು ಪ್ರತಿದಿನವೂ ಬಾಳಬೇಕಾಗಿತ್ತು. ಮರೆಯುವುದಕ್ಕೆ ಅಲ್ಲಿ ಆಸ್ಪದವೇ ಇರಲಿಲ್ಲ.

ಹಾಗಾದರೆ ಕೆಲಸವು ಅವನಿಗೆ ಕೊಟ್ಟದ್ದೇನು? ಹುಲ್ಲು ಯಾರ ದುಃಖಕ್ಕಾಗಿಯೂ ಕಾಯುವುದಿಲ್ಲ. ಮಗನು ಸತ್ತ ಚಳಿಗಾಲ ಕಳೆದ ಮೇಲೆಯೂ ವಸಂತ ಬಂದಿತು, ಗ್ರೀನುಗಳಿಗೆ ಮರಳು ಬೇಕಾಯಿತು, ಸವೆದ ಕಡೆ ಹೊಸ ಹುಲ್ಲನ್ನು ಕೂರಿಸಬೇಕಾಯಿತು. ಮಾಡಲೇಬೇಕಾದ ಸಣ್ಣ ಕೆಲಸವೊಂದು ಎದುರಿಗಿದ್ದಾಗ ಮನುಷ್ಯನು ಆ ದಿನವನ್ನು ದಾಟುತ್ತಾನೆ. ದುಃಖ ಕಡಮೆಯಾಗುವುದಿಲ್ಲ, ಅದನ್ನು ಹೊತ್ತುಕೊಂಡೇ ನಡೆಯಲು ಒಂದು ದಾರಿ ದೊರೆಯುತ್ತದೆ. ಸಂಪಾದನೆಗಾಗಿ ಮಾತ್ರ ಮಾಡುವ ಕೆಲಸಕ್ಕೂ ಕಾಯಕಕ್ಕೂ ಭೇದ ಇಲ್ಲಿಯೇ ಕಾಣುತ್ತದೆ. ಸಂಪಾದನೆಯು ಯಾರಿಗಾಗಿಯೋ ಅವರು ಹೋದ ಮೇಲೆ ಮೊದಲನೆಯದರ ಅರ್ಥ ಕುಗ್ಗುತ್ತದೆ. ಎರಡನೆಯದಕ್ಕೆ ಇನ್ನೂ ಕಾಯುತ್ತಿರುವ ಇತರರು ಇರುತ್ತಾರೆ. ಅಲ್ಲಿ ಅವನು ಒಂಟಿಯಲ್ಲ.

ಇನ್ನೊಂದು ಅಂಶವೂ ಉಂಟು. ಇಷ್ಟು ಕಳೆದುಕೊಂಡವನ ಮಾತು ಕಹಿಯಾಗುವುದು ಸಹಜ. ಆದರೆ ಅವನನ್ನು ಕಂಡವರು ನೆನೆಯುವುದು ಅವನ ಸೌಮ್ಯತೆಯನ್ನು. ಬಿಳಿಯ ಗಡ್ಡ, ಕೈಯಲ್ಲಿ ಹೊಗೆಕೊಳವೆ, ಅಂಗಡಿಯ ಮುಂದೆ ನಿಂತು ದೊಡ್ಡವರೊಡನೆಯೂ ಕೋಲು ಹೊರುವ ಹುಡುಗರೊಡನೆಯೂ ಆಡುತ್ತಿದ್ದ ಸಮನಾದ ಮಾತು. ಈ ಮಧ್ಯೆ ಬೇರೆ ಊರುಗಳಿಂದಲೂ ಕರೆ ಬರುತ್ತಿತ್ತು. ಡೋರ್ನಾಕ್, ಮ್ಯೂರ್‌ಫೀಲ್ಡ್, ಐರ್ಲೆಂಡಿನ ಕೌಂಟಿ ಡೌನ್, ಲಹಿಂಚ್ ಮೊದಲಾದ ಅನೇಕ ಕಡೆ ಅವನು ಹೋಗಿ, ದಿನಕ್ಕೆ ಒಂದು ಪೌಂಡಿನಂತೆ ಸಂಭಾವನೆ ಪಡೆದು, ನೆಲವನ್ನು ನಡೆದು ನೋಡಿ ಕುಳಿಗಳಿಗೆ ಸ್ಥಳ ಗೊತ್ತುಮಾಡಿಕೊಟ್ಟನು. ನೆಲವನ್ನು ಹೆಚ್ಚಾಗಿ ಕೆದಕದೆ, ಅದರ ಏರಿಳಿತವನ್ನೇ ಬಳಸಿಕೊಳ್ಳುವುದು ಅವನ ಕ್ರಮವಾಗಿತ್ತು.

ಅಂತ್ಯ

೧೯೦೩ರಲ್ಲಿ, ೮೨ನೆಯ ವಯಸ್ಸಿನಲ್ಲಿ, ಟಾಮನು ಕೆಲಸದಿಂದ ನಿವೃತ್ತನಾದನು. ಕ್ಲಬ್ಬು ಅವನ ಸಂಬಳವನ್ನು ಮುಂದುವರಿಸಿತು. ಸರ್ ಜಾರ್ಜ್ ರೀಡ್ ಎಂಬ ಚಿತ್ರಕಾರನಿಂದ ಅವನ ಚಿತ್ರವನ್ನು ಬರೆಯಿಸಿತು. ಒಂದು ಕಾಲದಲ್ಲಿ ಕೂಲಿಯವನಂತೆ ಬಾಗಿಲ ಹೊರಗೆ ನಿಂತಿರಬೇಕಾಗಿದ್ದವನ ಚಿತ್ರ ಬಾಗಿಲ ಒಳಗೆ ಗೋಡೆಯ ಮೇಲೆ ನಿಂತಿತು. ಹಳೆಯ ಮೈದಾನದ ಹದಿನೆಂಟನೆಯ ಕುಳಿಗೆ ಅವನ ಹೆಸರೇ ಇದೆ.

೧೯೦೮ನೆಯ ಮೇ ೨೪ರಂದು, ಮೈದಾನದ ಪಕ್ಕದ ನ್ಯೂ ಗಾಲ್ಫ್ ಕ್ಲಬ್ಬಿನ ಮೆಟ್ಟಲುಗಳಿಂದ ಬಿದ್ದು ಅವನು ತೀರಿಕೊಂಡನು. ೮೭ ವರ್ಷ ತುಂಬಲು ಮೂರು ವಾರಗಳಷ್ಟೇ ಉಳಿದಿತ್ತು. ಅದು ಭಾನುವಾರ, ಅವನು ಕಾಯ್ದ ನೆಲಕ್ಕೆ ವಿಶ್ರಾಂತಿಯ ದಿನ. ಅವನನ್ನು ಕತೀಡ್ರಲ್ಲಿನ ಶ್ಮಶಾನದಲ್ಲಿ, ಟಾಮಿಯ ಪಕ್ಕದಲ್ಲಿ, ಸಮಾಧಿ ಮಾಡಿದರು.

ಈ ಜೀವನದಿಂದ ಗ್ರಹಿಸತಕ್ಕುದನ್ನು ಹೀಗೆ ಸಂಗ್ರಹಿಸಬಹುದು. ಒಂದು, ಅನೇಕರು ತುಳಿಯುವ ನೆಲವನ್ನು ಕಾಯುವವನು ದೊಡ್ಡ ಉಪಾಯಗಳಿಗಿಂತ ಹೆಚ್ಚಾಗಿ ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಮಾಡುವ ಸೇವೆಯನ್ನು ನಂಬಬೇಕು. ಎರಡು, ಯಾವುದನ್ನು ಕಾಯುತ್ತೇವೆಯೋ ಅದಕ್ಕೆ ಆಹಾರದಷ್ಟೇ ವಿಶ್ರಾಂತಿಯೂ ಅಗತ್ಯ; ಇದು ಹುಲ್ಲಿಗೆ ಹೇಗೋ ಆಳಿಗೂ ಎತ್ತಿಗೂ ಮನೆಯಾಕೆಗೂ ಹಾಗೆಯೇ. ಮೂರು, ಮನೆಯಲ್ಲಿ ಅಶಕ್ತರಾದವರಿದ್ದರೆ ಅವರಿಗೆ ಅನ್ನವನ್ನು ಮಾತ್ರ ಕೊಟ್ಟರೆ ಸಾಲದು, ಕೈಲಾದ ಕೆಲಸವನ್ನೂ ಅದರ ಗೌರವವನ್ನೂ ಕೊಡಬೇಕು. ನಾಲ್ಕು, ದುಃಖ ಬಂದಾಗ ಕೆಲಸವನ್ನು ಮದ್ದೆಂದು ಮೋಸಹೋಗಬಾರದು. ಆದರೆ ನಾಳೆ ಬೆಳಗ್ಗೆ ಎದ್ದು ಮಾಡಬೇಕಾದ ಒಂದು ಕೆಲಸವನ್ನು ಕೈಬಿಡಲೂಬಾರದು.

ಸೇಂಟ್ ಆಂಡ್ರೂಸಿನ ಅಂಗಡಿಯ ಕಟ್ಟಡ ಇಂದಿಗೂ ಅದೇ ಜಾಗದಲ್ಲಿದೆ. ಎದುರಿನ ಗ್ರೀನಿನ ಮೇಲೆ ನಾನಾ ದೇಶಗಳ ಆಟಗಾರರು ನಡೆದು ಹೋಗುತ್ತಾರೆ. ಇಂದಿನ ಮೈದಾನಪಾಲಕರು ಕಾಲಕಾಲಕ್ಕೆ ಅದರ ಮೇಲೆ ತೆಳುವಾಗಿ ಮರಳನ್ನು ಹರಡುತ್ತಾರೆ.